ಹೊಳೆಯು ಊರೊಳಗೆ ಬರುವದು ಯಾಕೆ?



ಪಡುವಣ ದಿಕ್ಕಿನಲ್ಲಿ ಮುಂಗಾರು ಮೋಡಗಳು ಕಾಣಿಸಿಕೊಂಡಾಗ ಒಕ್ಕಲಿಗನು ಸಂತೋಷಪಡುವದು ಲೋಕರೂಢಿಯಷ್ಟೆ. ಆದರೆ ಮಲಪ್ರಭೆಯ ದಂಡೆಯ ಊರುಗಳಲ್ಲಿ ಅದೇ ಮೋಡಗಳನ್ನು ಕಂಡು ಮನೆಯ ಹೆಂಗಸರು ಕಾಳಿನ ಚೀಲಗಳನ್ನು ಮೇಲಕ್ಕೆ ಏರಿಸತೊಡಗುತ್ತಾರೆ. 2009ರ ಅಕ್ಟೋಬರ ತಿಂಗಳ ಮೊದಲಿನ ದಿನಗಳಲ್ಲಿ ಒಮ್ಮೆ, 2019ರ ಆಗಸ್ಟಿನಲ್ಲಿ ಮತ್ತೊಮ್ಮೆ, ನೀರು ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಮೊದಲನೆಯ ನೆರೆಯಲ್ಲಿ ನಮ್ಮ ರಾಜ್ಯದ ಉತ್ತರ ಸೀಮೆಯಲ್ಲಿ ಇನ್ನೂರಕ್ಕೂ ಮಿಕ್ಕಿ ಜನರು ಸತ್ತರು. ಆ ಹೆದರಿಕೆಯು ಸುಮ್ಮನೆ ಹೋಗುವಂಥಾದ್ದಲ್ಲ.

ಇಂಥಾ ಒಂದು ಊರಿನಲ್ಲಿ ನಾವು ಸಾಯಂಕಾಲದ ಕೂಟವನ್ನು ಮುಗಿಸಿದ ಮೇಲೆ ಜನರು ಎದ್ದುಹೋಗದೆ ಕೂತುಬಿಟ್ಟರು. ಒಬ್ಬ ಮುದುಕನು, "ಅಯ್ಯನವರ, ಮಳಿ ಹನಿ ಸುದ್ದಾ ಇರಲಿಲ್ಲ, ಬಿಸಿಲು ಬಿದ್ದಿತ್ತು, ಹೊಳಿ ಹ್ಯಾಂಗ ಬಂತರೀ?" ಎಂದು ಕೇಳಿದನು. ಒಬ್ಬ ತಾಯಿಯು, "ನೀರು ಬಿಡ್ತೀವಿ ಅಂತ ಒಂದ ಮಾತ ಮೊದಲ ಹೇಳಿದ್ದರ ನನ್ನ ಆಕಳಾದರೂ ಉಳೀತಿತ್ತು" ಅಂದಳು. ತರುಣರು ಊರಿಗೆ ಸುತ್ತಲೂ ತಡೆಗೋಡೆ ಬೇಕೆಂದರು. ಇನ್ನೊಬ್ಬನು, ಗೋಡೆ ಬೇಡ, ಊರನ್ನೇ ಮಡ್ಡಿಗೆ ಎತ್ತಿಬಿಡಿರಿ ಅಂದನು. ಆಗ ಹಿಂದೆ ಕೂತವರಲ್ಲಿ ಗುಜುಗುಜು ಹುಟ್ಟಿತು. ಆ ರಾತ್ರಿ ಎಲ್ಲರಿಗೂ ಉತ್ತರ ಹೇಳುವಷ್ಟು ನಮಗೆ ತಿಳಿದಿರಲಿಲ್ಲವಾದ್ದರಿಂದ, ವಿಚಾರಿಸಿ ಪತ್ರಿಕೆಯಲ್ಲಿ ಬರೆಯುವೆವೆಂದು ಮಾತು ಕೊಟ್ಟು ಬಂದೆವು. ಆ ಮಾತನ್ನು ಈಗ ಸಲ್ಲಿಸುತ್ತೇವೆ.

ಮುದುಕನ ಪ್ರಶ್ನೆಯನ್ನು ಮೊದಲು ತಕ್ಕೊಳ್ಳೋಣ. ಮಲಪ್ರಭೆಯು ಹುಟ್ಟುವದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಅಂದರೆ ಸಹ್ಯಾದ್ರಿಯ ದಟ್ಟಡವಿಯಲ್ಲಿ. ಅಲ್ಲಿ ಮುಂಗಾರಿನ ಕಾಲದಲ್ಲಿ ಸುರಿಯುವ ಮಳೆಗೆ ಲೆಕ್ಕವಿಲ್ಲ. ಅದೇ ಹೊಳೆಯು ಮೂಡಣಕ್ಕೆ ಹರಿದು ರಾಮದುರ್ಗ, ನರಗುಂದ, ರೋಣ, ಬಾದಾಮಿಯ ಸೀಮೆಗಳಿಗೆ ಬರುವಾಗ ಬಯಲುನಾಡನ್ನು ಸೇರುತ್ತದೆ. ಇಲ್ಲಿ ವರ್ಷವೆಲ್ಲಾ ಕೂಡಿದರೂ 60 ಸೆಂಟಿಮೀಟರಿನ ಆಸುಪಾಸು ಮಳೆ. ಹೀಗಿರಲಾಗಿ ನಮ್ಮ ಆಕಾಶವು ತಿಳಿಯಾಗಿರುವಾಗಲೇ ನೂರು ಮೈಲಿ ಆಚೆಯ ಮಳೆಯು ನಮ್ಮ ಬಾಗಿಲಿಗೆ ಬರಬಹುದು. ತನ್ನ ಊರಿನ ಮೋಡವನ್ನು ನೋಡಿ ಹೊಳೆಯನ್ನು ಅಳೆಯುವವನು ಮೋಸಹೋಗುತ್ತಾನೆ. ಖಾನಾಪುರದಲ್ಲಿ ನಿನ್ನೆ ಎಷ್ಟು ಮಳೆಯಾಯಿತೆಂದು ಕೇಳತಕ್ಕದ್ದು. ಈಗ ಇದು ಕಷ್ಟವಲ್ಲ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗಳಲ್ಲಿ ತಾವಾಗಿಯೇ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ನಿಲ್ಲಿಸಿದ್ದಾರೆ, ಮತ್ತು ವರುಣಮಿತ್ರ ಎಂಬ ಹೆಸರಿನಿಂದ ಹಗಲುರಾತ್ರಿ ಫೋನಿನಲ್ಲಿ ಉತ್ತರ ಕೊಡುವ ಏರ್ಪಾಡನ್ನು ಮಾಡಿದ್ದಾರೆ.

ಕಣಕುಂಬಿಯ ನೀರು ನೆಟ್ಟಗೆ ನಮ್ಮಲ್ಲಿಗೆ ಬರುವದಿಲ್ಲ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಆಣೆಕಟ್ಟು ಅದನ್ನು ತಡೆದು ನಿಲ್ಲಿಸುತ್ತದೆ. ಅದು ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಪತ್ರಿಕೆಗಳಲ್ಲಿ ಟಿ.ಎಂ.ಸಿ., ಕ್ಯೂಸೆಕ್ಸ್ ಎಂಬ ಮಾತುಗಳನ್ನು ಓದಿ ನಮ್ಮ ಜನರು ತಲೆದೂಗುತ್ತಾರೆ, ಆದರೆ ಅರ್ಥ ಕೇಳಿದರೆ ಒಬ್ಬರ ಮುಖವನ್ನು ಒಬ್ಬರು ನೋಡುತ್ತಾರೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಪೆಟ್ಟಿಗೆಯಷ್ಟು ನೀರು ಒಂದು ಸೆಕೆಂಡಿನಲ್ಲಿ ಹರಿದುಹೋದರೆ ಅದು ಒಂದು ಕ್ಯೂಸೆಕ್ಸ್. ಅದು ದೊಡ್ಡ ಎರಡು ಕೊಡದಷ್ಟು, ಅಂದರೆ 28 ಲೀಟರಿಗೆ ತುಸು ಹೆಚ್ಚು. ಅಂಥಾ ನೂರು ಕೋಟಿ ಪೆಟ್ಟಿಗೆಗಳಷ್ಟು ನೀರು ಒಂದು ಟಿ.ಎಂ.ಸಿ. ಒಂದು ಹಗಲು ಒಂದು ರಾತ್ರಿ ಎಡೆಬಿಡದೆ 11,574 ಕ್ಯೂಸೆಕ್ಸಿನಂತೆ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಶಾಲೆಯ ಹುಡುಗರೂ ಕಲ್ಲುಹಲಗೆಯ ಮೇಲೆ ಇದನ್ನು ಮಾಡಿ ನೋಡಲಿ. ಆಣೆಕಟ್ಟಿನಲ್ಲಿ ಇನ್ನು 2 ಟಿ.ಎಂ.ಸಿ. ನೀರಿಗೆ ಮಾತ್ರ ಸ್ಥಳವಿದೆ ಎಂದಿಟ್ಟುಕೊಳ್ಳಿರಿ. ಮೇಲಿನಿಂದ 50,000 ಕ್ಯೂಸೆಕ್ಸ್ ನೀರು ಬರುತ್ತದೆ ಎನ್ನೋಣ. ಎಷ್ಟು ತಾಸಿನಲ್ಲಿ ತುಂಬುತ್ತದೆ? ಹನ್ನೊಂದು ತಾಸು. ಅಂದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಲೆಕ್ಕ ಹಾಕಿದವನು ಬೆಳಗಾಗುವದರೊಳಗೆ ಬಾಗಿಲುಗಳನ್ನು ಎತ್ತಲೇಬೇಕು. ಎತ್ತದಿದ್ದರೆ ಕಟ್ಟೆಗೇ ಅಪಾಯ, ಮತ್ತು ಕಟ್ಟೆ ಹೋದರೆ ನಾವು ಒಬ್ಬರೂ ಉಳಿಯುವದಿಲ್ಲ. ಆದಕಾರಣ ನೀರನ್ನು ಬಿಟ್ಟದ್ದು ಯಾಕೆ ಎಂದು ಜಗಳಾಡುವದರಲ್ಲಿ ಫಲವಿಲ್ಲ. ಇಷ್ಟು ದಿನ ಮುಂಚೆಯೇ ಸ್ವಲ್ಪ ಸ್ವಲ್ಪವಾಗಿ ಬಿಡಬಹುದಿತ್ತೋ, ಬಿಡುವ ಮುಂಚೆ ಎಷ್ಟು ತಾಸಿನ ಸೂಚನೆಯು ಕೆಳಗಿನ ಊರುಗಳಿಗೆ ಮುಟ್ಟಿತು ಎಂದು ಕೇಳುವದು ನ್ಯಾಯವಾದ ಪ್ರಶ್ನೆ.

ಈ ಮೊದಲಿನ ಪ್ರಶ್ನೆಯಲ್ಲಿಯೂ ಒಂದು ತೊಡಕಿದೆ. ಅದೇನಂದರೆ, ಆಣೆಕಟ್ಟನ್ನು ಕಟ್ಟಿದ್ದು ಕಾಲುವೆಗಳಿಗೋಸ್ಕರ. ಕಾಲುವೆಯ ಕೆಳಗಿನ ರೈತನಿಗೆ ಕಟ್ಟೆಯು ತುಂಬಿರಬೇಕು; ಹೊಳೆದಂಡೆಯವನಿಗೆ ಅದು ಅರ್ಧ ಬರಿದಾಗಿರಬೇಕು. ಬರಗಾಲದ ಅನೇಕ ವರ್ಷಗಳು ಕಳೆದು 2019ರಲ್ಲಿ ಮಳೆ ಬಂದಾಗ, ಬಂದ ನೀರನ್ನು ಹೊರಗೆ ಬಿಡಿರೆಂದು ಆಗಸ್ಟಿನ ಮೊದಲ ವಾರದಲ್ಲಿ ಯಾರ ಬಾಯಿಂದ ಮಾತು ಬಂದೀತು? ನಮ್ಮ ಸಭೆಗಳಲ್ಲಿಯೂ ಆ ತನಕ ಮಳೆಗಾಗಿಯೇ ಬೇಡಿಕೊಳ್ಳುತ್ತಿದ್ದೆವಲ್ಲವೇ? ಇಬ್ಬರಿಗೂ ನ್ಯಾಯವಾಗುವಂತೆ ತಿಂಗಳು ತಿಂಗಳಿಗೆ ಎಷ್ಟು ಸ್ಥಳ ಖಾಲಿ ಇಡಬೇಕೆಂಬ ನಿಯಮವನ್ನು ಬಲ್ಲವರು ಬರೆದು ಎಲ್ಲರಿಗೆ ತಿಳಿಯುವಂತೆ ಪ್ರಕಟಿಸುವದು ಒಳ್ಳೇದು ಎಂದು ನಮ್ಮ ಅಭಿಪ್ರಾಯ.

ಆ ತಾಯಿಯ ಆಕಳಿನ ವಿಷಯವು ಬೇರೆ. ನಾವು ವಿಚಾರಿಸಲಾಗಿ ತಿಳಿದದ್ದೇನಂದರೆ, ಸೂಚನೆಯು ಹೊರಟಿತ್ತು. ಆದರೆ ಮೇಲಿನವರಿಂದ ಕೆಳಗಿನವರಿಗೆ, ಅವರಿಂದ ಇನ್ನೂ ಕೆಳಗಿನವರಿಗೆ ಬರುತ್ತಾ ಬರುತ್ತಾ ಊರಿನ ಅಗಸೆಯ ತನಕ ಬಂದು ನಿಂತಿತು. ಡಂಗುರವು ಅಗಸೆಯೊಳಗೆ ಸಾರಲ್ಪಟ್ಟಿತು, ತಗ್ಗಿನ ಕೇರಿಗೆ ಬರಲಿಲ್ಲ. ನಮ್ಮವರ ಮನೆಗಳು ಇರುವದು ಅಲ್ಲಿಯೇ. ಹಿಂದಿನ ಕಾಲದಲ್ಲಿ ಊರನ್ನು ಹಂಚಿದವರು ಎತ್ತರವನ್ನು ತಮಗಿಟ್ಟುಕೊಂಡು ಹಳ್ಳದ ಮಗ್ಗುಲಿನ ತಗ್ಗನ್ನು ನಮ್ಮ ಹಿರಿಯರಿಗೆ ಕೊಟ್ಟರು. ನೀರು ಮೊದಲು ಬರುವದೂ ಸುದ್ದಿ ಕಡೆಗೆ ಬರುವದೂ ಅದೇ ಕೇರಿಗೆ. ಇದನ್ನು ಸಿಟ್ಟಿನಿಂದಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇವೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳು ಮುಖ್ಯಸ್ಥರಾಗಿರುವ ಒಂದು ಪ್ರಾಧಿಕಾರವಿದೆ. ಕೇರಿಯ ಇಬ್ಬರ ಹೆಸರನ್ನು ಸೂಚನೆ ಮುಟ್ಟಿಸತಕ್ಕವರ ಪಟ್ಟಿಯಲ್ಲಿ ಸೇರಿಸಿರೆಂದು ಪಂಚಾಯತಿಯ ಮುಖಾಂತರ ಬರೆದುಕೊಳ್ಳುವದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇಷ್ಟರ ತನಕ ಹೊಳೆಯ ಮಾತಾಯಿತು. ಆದರೆ 2009ರಲ್ಲಿ ಬಂದ ನೀರು ಬರೇ ಹೊಳೆಯದ್ದಾಗಿರಲಿಲ್ಲ. ಆಗ ಮಳೆಯು ನಮ್ಮ ಬಯಲಿನ ಮೇಲೆಯೇ ಸುರಿಯಿತು, ಮತ್ತು ಹಳ್ಳಗಳು ಎದ್ದವು. ಬೆಣ್ಣಿಹಳ್ಳವನ್ನು ಅರಿಯದವರು ಆ ಹೆಸರನ್ನು ಕೇಳಿ ಮೋಸಹೋಗುತ್ತಾರೆ. ಅದು ಶಿಗ್ಗಾಂವಿಯ ಕಡೆಯಲ್ಲಿ ಹುಟ್ಟಿ ಬಡಗಣಕ್ಕೆ ಹುಬ್ಬಳ್ಳಿ, ನವಲಗುಂದದ ಎರೆನಾಡನ್ನು ಹಾದು, ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು, ರೋಣದ ಸೀಮೆಯಲ್ಲಿ ಮಲಪ್ರಭೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಅದರಲ್ಲಿ ಆಡುಗಳಿಗೆ ಸಾಕಾಗುವಷ್ಟು ನೀರಿಲ್ಲ; ಒಂದು ರಾತ್ರಿಯ ಮಳೆಗೆ ಅದು ಹೊಲಗಳ ಮೇಲೆ ಹೊಳೆಯಂತೆ ಹರಡಿಕೊಳ್ಳುತ್ತದೆ.

ಇದಕ್ಕೆ ಕಾರಣವು ಎರೆಮಣ್ಣಿನಲ್ಲಿದೆ. ಬೇಸಿಗೆಯಲ್ಲಿ ಎರೆಹೊಲವು ಕೈ ಹಿಡಿಸುವಷ್ಟು ಬಿರುಕು ಬಿಡುವದನ್ನು ನೀವೆಲ್ಲರೂ ಬಲ್ಲಿರಿ. ಮೊದಲಿನ ಮಳೆಗಳನ್ನು ಆ ಬಿರುಕುಗಳು ಕುಡಿದುಬಿಡುತ್ತವೆ. ಮಣ್ಣು ನೀರುಂಡು ಉಬ್ಬಿದಾಗ ಬಿರುಕುಗಳು ಮುಚ್ಚಿ ಹೊಲವು ಸಾರಿಸಿದ ನೆಲದಂತೆ ಆಗುತ್ತದೆ; ಆ ಮೇಲೆ ಬಿದ್ದ ನೀರು ಕೆಳಗೆ ಇಳಿಯುವದಿಲ್ಲ, ಹರಿಯುತ್ತದೆ. ಆದದರಿಂದ ಜೂನಿನ ದೊಡ್ಡ ಮಳೆಗಿಂತ ಹಿಂಗಾರಿಯ ನಡುಮಳೆಯೇ ಹೆಚ್ಚು ಅಪಾಯದ್ದು.

ಒಂದು ಎಕರೆಯ ಮೇಲೆ 10 ಸೆಂಟಿಮೀಟರ ಮಳೆ ಬಿದ್ದರೆ ಅದು ನಾಲ್ಕು ಲಕ್ಷ ಲೀಟರ ನೀರು. ಸಾವಿರ ಎಕರೆಯ ಊರಿನಲ್ಲಿ ನಾಲ್ವತ್ತು ಕೋಟಿ ಲೀಟರ. ಅದೆಲ್ಲಾ ಆರು ತಾಸಿನಲ್ಲಿ ಹಳ್ಳಕ್ಕೆ ಬಂದು ಬಿದ್ದರೆ ಹಳ್ಳವು 660 ಕ್ಯೂಸೆಕ್ಸ್ ಹೊರಬೇಕು. ಅದೇ ನೀರು ಇಪ್ಪತ್ತುನಾಲ್ಕು ತಾಸು ತಡೆದು ತಡೆದು ಬಂದರೆ 165 ಕ್ಯೂಸೆಕ್ಸ್ ಸಾಕು. ನೀರು ಅಷ್ಟೇ, ಊರಿನ ಗತಿ ಬೇರೆ! ನಮ್ಮ ಅಜ್ಜಂದಿರು ಪ್ರತಿ ಹೊಲಕ್ಕೂ ಒಡ್ಡು ಹಾಕಿ, ಒಡ್ಡಿನ ಮೂಲೆಯಲ್ಲಿ ಕಲ್ಲಿನ ಕೋಡಿ ಕಟ್ಟಿ, ಬದುವಿನಲ್ಲಿ ಹುಲ್ಲು ಬೆಳೆಸಿದ್ದು ಯಾವ ಇಂಜಿನಿಯರ ಹೇಳಿಯಲ್ಲ. ಈಗ ಟ್ರ್ಯಾಕ್ಟರಿಗೆ ಅಡ್ಡಿಯಾಗುತ್ತದೆಂದು ಒಡ್ಡುಗಳನ್ನು ಒಡೆದು ಸಪಾಟು ಮಾಡಿದ್ದೇವೆ. ಒಡ್ಡನ್ನು ಒಡೆದವನ ಹೊಲಕ್ಕೆ ಏನೂ ಆಗುವದಿಲ್ಲ; ಕೆಳಗಿನವನ ಮನೆ ಬೀಳುತ್ತದೆ.

ಇನ್ನು ನಾವು ಬರೆಯಬೇಕಾದ ಮಾತು ಕೆಲವರಿಗೆ ಕಹಿಯಾಗಿರುವದು. ಆಣೆಕಟ್ಟು ಬಂದ ತರುವಾಯ ಹೆಚ್ಚಿನ ವರ್ಷಗಳಲ್ಲಿ ಕೆಳಗಿನ ಹೊಳೆಯಲ್ಲಿ ನೀರು ತೆಳ್ಳಗಾಯಿತು. ಬತ್ತಿದ ಹೊಳೆಯನ್ನು ಕಂಡು ದಂಡೆಯ ರೈತರು ವರ್ಷಕ್ಕೆ ಒಂದು ಮಾರು, ಎರಡು ಮಾರು ಮುಂದೆ ಮುಂದೆ ನೇಗಿಲು ಹೊಡೆದರು. ಮೊದಲು ಸೌತೆ, ಬದನೆ, ಆಮೇಲೆ ಕಬ್ಬು. ಬಿಟ್ಟ ಜಾಗದಲ್ಲಿ ಜಾಲಿಕಂಟಿ ತಾನಾಗಿ ತುಂಬಿತು. ಹೀಗೆ ಅಗಲವಾದ ಹೊಳೆಯು ಅನೇಕ ಕಡೆಗಳಲ್ಲಿ ಒಂದು ಹಳ್ಳದಷ್ಟು ಸಣ್ಣದಾಯಿತು. 2019ರಲ್ಲಿ ಹೊಳೆಯು ತನ್ನ ಹಳೇ ಅಳತೆಯಿಂದ ಬಂತು. ಆಳೆತ್ತರದ ಕಬ್ಬೂ ಕಂಟಿಯೂ ಅದಕ್ಕೆ ಅಡ್ಡ ನಿಂತಾಗ ನೀರು ಹಿಂದಕ್ಕೆ ಏರಿ ಪಕ್ಕಕ್ಕೆ ಸರಿಯಿತು, ಪಕ್ಕದಲ್ಲಿ ಊರುಗಳು. ಕೊಣ್ಣೂರಿನ ಬಳಿ ಹುಬ್ಬಳ್ಳಿ-ಸೊಲ್ಲಾಪುರದ ಹೆದ್ದಾರಿಯ ಸಂಚಾರವೇ ನಿಂತಿತು. ಪಟ್ಟದಕಲ್ಲಿನ ಪುರಾತನ ಕಲ್ಲುಗುಡಿಗಳ ಅಂಗಳದಲ್ಲಿ ನೀರು ನಿಂತಿತು. ಹೊಳೆಯಲ್ಲಿ ಕಬ್ಬು ಹಾಕಿದವರೆಲ್ಲರೂ ಶ್ರೀಮಂತರೂ ಪುಢಾರಿಗಳೂ ಆಗಿದ್ದರೆ ಬರೆಯುವದು ಸುಲಭವಾಗಿತ್ತು. ಆದರೆ ಬಡವರೂ ಇದ್ದಾರೆ, ನಮ್ಮ ಸಭೆಯವರೂ ಇದ್ದಾರೆ. ಆ ರಾತ್ರಿ ಕೂತವರಲ್ಲಿ ತಡೆಗೋಡೆ ಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನ ತಂದೆಯ ಕಬ್ಬು ಹೊಳೆಯ ನಡುವೆ ನಿಂತಿದೆ.

ತಡೆಗೋಡೆಯ ಮಾತಿಗೆ ಬಂದರೆ, ಅದು ಎಲ್ಲೆಲ್ಲಿಯೂ ವ್ಯರ್ಥವೆಂದು ನಾವು ಹೇಳುವದಿಲ್ಲ. ದಂಡೆ ಕುಸಿಯುವಲ್ಲಿ ಕಲ್ಲು ಕಟ್ಟಿದರೆ ಪ್ರಯೋಜನವುಂಟು. ಆದರೆ ಗೋಡೆಯು ನೀರನ್ನು ಇಲ್ಲದಂತೆ ಮಾಡಲಾರದು, ಆಚೆ ದಂಡೆಯವರ ಕಡೆಗೆ ದೂಡುತ್ತದೆ ಅಷ್ಟೇ. ಮತ್ತು ಊರ ಮೇಲೆ ಬಿದ್ದ ಮಳೆಯು ಹೊರಗೆ ಹೋಗದಂತೆ ಒಳಗೇ ಹಿಡಿದಿಡುತ್ತದೆ. ಬಿಹಾರ ಪ್ರಾಂತದಲ್ಲಿ 1954ರಲ್ಲಿ ಹೊಳೆಗಳ ಒಡ್ಡುಗಳು ಸುಮಾರು 160 ಕಿಲೋಮೀಟರ ಇದ್ದವು, ನೆರೆಗೆ ಸಿಕ್ಕುವ ಭೂಮಿಯು 25 ಲಕ್ಷ ಹೆಕ್ಟೇರ ಇತ್ತು. ಆಮೇಲೆ ಸಾವಿರಾರು ಕಿಲೋಮೀಟರ ಒಡ್ಡು ಕಟ್ಟಿದರು. ನೆರೆಗೆ ಸಿಕ್ಕುವ ಭೂಮಿಯು 68 ಲಕ್ಷ ಹೆಕ್ಟೇರನ್ನು ಮೀರಿತು. 2008ರ ಆಗಸ್ಟ್ 18ರಂದು ಕೋಸಿ ನದಿಯು ನೇಪಾಳದ ಕುಸಹಾ ಎಂಬಲ್ಲಿ ಒಡ್ಡನ್ನು ಒಡೆದುಕೊಂಡು ತನ್ನ ಹಳೇ ದಾರಿಯನ್ನು ಹಿಡಿದಾಗ, ಒಡ್ಡನ್ನು ನಂಬಿ ನಿಶ್ಚಿಂತರಾಗಿದ್ದ ಲಕ್ಷಾಂತರ ಜನರ ಮೇಲೆ ನೀರು ಬಂತು. ಸಮುದ್ರಕ್ಕಿಂತ ತಗ್ಗಾದ ಹಾಲೆಂಡ್ ದೇಶದವರು ಒಡ್ಡು ಕಟ್ಟುವದರಲ್ಲಿ ಲೋಕಪ್ರಸಿದ್ಧರು. ಅಲ್ಲಿಯೂ 1995ರಲ್ಲಿ ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಆ ತರುವಾಯ ಅವರು ಒಡ್ಡನ್ನು ಎತ್ತರಿಸುವದೊಂದನ್ನೇ ನಂಬದೆ, ನೈಮೇಖನ್ ಎಂಬ ಪಟ್ಟಣದಲ್ಲಿ ಒಡ್ಡನ್ನು 350 ಮೀಟರ ಹಿಂದಕ್ಕೆ ಸರಿಸಿ ಹೊಳೆಗೆ ಸ್ಥಳ ಬಿಟ್ಟುಕೊಟ್ಟರು. ಅದಕ್ಕಾಗಿ ಮನೆಗಳನ್ನು ಬಿಟ್ಟವರಿಗೆ ಅದು ಸುಲಭವಾಗಿರಲಿಲ್ಲ.

ಊರನ್ನು ಎತ್ತುವ ವಿಷಯದಲ್ಲಿ ನಾವು ತೀರ್ಪು ಹೇಳಲಾರೆವು. 2009ರ ತರುವಾಯ ಆಸರೆ ಎಂಬ ಯೋಜನೆಯಿಂದ ಎತ್ತರದಲ್ಲಿ ಹೊಸ ಮನೆಗಳು ಕಟ್ಟಲ್ಪಟ್ಟವು. ಕೆಲವರು ಹೋಗಿ ನೆಲೆಸಿದರು, ಕೆಲವರು ಹಳೇ ಊರಿಗೇ ತಿರುಗಿ ಬಂದರು; 2019ರಲ್ಲಿ ನೀರಿಗೆ ಸಿಕ್ಕವರಲ್ಲಿ ಇವರೂ ಇದ್ದರು. ಪೇಟೆಯವರು ಇದನ್ನು ಕೇಳಿ ಹಳ್ಳಿಯವರಿಗೆ ಬುದ್ಧಿ ಇಲ್ಲವೆನ್ನುತ್ತಾರೆ. ಎರಡು ಎತ್ತು, ಒಂದು ಎಮ್ಮೆ, ಮೇವಿನ ಬಣವೆ, ಕೂಡಿ ಬಾಳುವ ಇಬ್ಬರು ಸೊಸೆಯರು ಇರುವ ಮನೆತನವನ್ನು ಒಂದು ಸಣ್ಣ ಮನೆಯೊಳಗೆ ಹೊಗಿಸಿ, ಹೊಲವು ಅಲ್ಲಿಂದ ಒಂದು ಹರದಾರಿ ದೂರವಿದ್ದರೆ, ಬುದ್ಧಿಯು ಏನು ಮಾಡೀತು? ಸ್ಥಳವನ್ನು ಆರಿಸುವ ಮೊದಲು ದನದ ಕೊಟ್ಟಿಗೆಯನ್ನೂ ಕುಡಿಯುವ ನೀರನ್ನೂ ಹೊಲದ ದಾರಿಯನ್ನೂ ನೋಡಿ, ಹೆಂಗಸರ ಮಾತನ್ನೂ ಕೇಳಿದ್ದರೆ ತಿರುಗಿ ಬಂದವರು ಕಡಿಮೆಯಾಗುತ್ತಿದ್ದರೆಂದು ನಮಗೆ ತೋರುತ್ತದೆ.

ಕಡೆಗೆ, ನೀರು ಬರುವ ದಿನದ ಮಾತು. ನೆರೆಯಲ್ಲಿ ಸಾಯುವವರೆಲ್ಲರೂ ಮುಳುಗಿ ಸಾಯುತ್ತಾರೆಂದು ಎಣಿಸಬೇಡಿರಿ. 2009ರಲ್ಲಿ ಬಹಳ ಜನರು ಗೋಡೆ ಬಿದ್ದು ಸತ್ತರು. ನಮ್ಮ ಮಾಳಿಗೆ ಮನೆಗಳ ಗೋಡೆಗಳು ಹಸಿಮಣ್ಣಿನವು. ಮೇಲೆ ಮಣ್ಣಿನ ಮೇಲ್ಮುದ್ದೆ. ಮಳೆಯಲ್ಲಿ ಮಾಳಿಗೆಯ ಮಣ್ಣು ನೀರು ಹೀರಿ ಭಾರವಾಗುತ್ತದೆ, ಅದೇ ಹೊತ್ತಿನಲ್ಲಿ ಗೋಡೆಯ ಬುಡವು ನೆನೆದು ಬಲವನ್ನು ಕಳಕೊಳ್ಳುತ್ತದೆ. ಇಂಥಾ ಮನೆಯು ನೀರು ಏರುವಾಗ ನಿಂತಿದ್ದು, ಇಳಿದ ಮೇಲೆ, ಎಲ್ಲರೂ ತಿರುಗಿ ಬಂದು ಮಲಗಿದ ರಾತ್ರಿಯಲ್ಲಿ ಬೀಳಬಹುದು. ಗೋಡೆಯ ಬುಡ ನೆನೆದಿದ್ದರೆ, ಹೊಸ ಬಿರುಕು ಕಂಡರೆ, ಬಾಗಿಲು ಚೌಕಟ್ಟಿನಲ್ಲಿ ಬಿಗಿಯಾದರೆ, ಆ ಮನೆಯಲ್ಲಿ ಮಕ್ಕಳನ್ನು ಮಲಗಿಸಬೇಡಿರಿ. ಒಣಗುವ ತನಕ ಶಾಲೆಯಲ್ಲಿಯೋ ಸಭಾಮಂದಿರದಲ್ಲಿಯೋ ಇರಿರಿ. ಸಭಾಮಂದಿರವನ್ನು ತೆರೆದಾಗ ಬಂದವರ ಜಾತಿಯನ್ನೂ ಮತವನ್ನೂ ಕೇಳಬಾರದೆಂಬದನ್ನು ಬೇರೆ ಬರೆಯಬೇಕಾಗಿಲ್ಲ. ಹರಿಯುವ ನೀರು ಮೊಣಕಾಲಿನಷ್ಟೇ ಇದೆಯೆಂದು ಸೇತುವೆಗೆ ಇಳಿಯಬೇಡಿರಿ; ನೀರಿನ ವೇಗವು ಎರಡು ಪಾಲಾದರೆ ದೂಡುವ ಬಲವು ನಾಲ್ಕು ಪಾಲಾಗುತ್ತದೆ. ದನಗಳ ಕಣ್ಣಿಯನ್ನು ಬಿಚ್ಚಿಬಿಡಿರಿ. ಬಾವಿಯಲ್ಲಿ ನೆರೆನೀರು ಹೊಕ್ಕಿದ್ದರೆ ಅದನ್ನು ಬರಿದು ಮಾಡಿಸಿ ಬ್ಲೀಚಿಂಗ ಪುಡಿ ಹಾಕಿಸುವ ತನಕ ಕುದಿಸದೆ ಕುಡಿಯಬಾರದು. ಹಗೇವಿನಲ್ಲಿ ಜೋಳ ಇಟ್ಟವರು ನೀರಿನ ಸುದ್ದಿ ಬಂದ ಮೇಲೆ ಅದನ್ನು ತೆಗೆಯಲಾರರು. ಆಗಸ್ಟಿನ ಮುಂಚೆಯೇ ತೆಗೆದು ಚೀಲಕ್ಕೆ ತುಂಬುವದು ಲೇಸು.

ಕಾಗದಪತ್ರಗಳು ಹೋದರೆ ನೆರೆಯು ಎರಡು ಸಾರಿ ಬಂದಂತೆಯೇ. 2019ರ ತರುವಾಯ ಪೂರಾ ಬಿದ್ದ ಮನೆಗೆ ಸರಕಾರವು 5 ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿತು. ಮನೆಯ ಉತಾರವನ್ನು ತೋರಿಸಲಾರದವರು ಕಚೇರಿಯಿಂದ ಕಚೇರಿಗೆ ಅಲೆದರು. ಉತಾರ, ಪಹಣಿ, ರೇಷನ ಕಾರ್ಡು, ಬ್ಯಾಂಕಿನ ಪುಸ್ತಕ, ಇವುಗಳನ್ನು ಪ್ಲಾಸ್ಟಿಕ ಚೀಲದಲ್ಲಿ ಬಿಗಿದು ಎತ್ತರದ ಗೂಟಕ್ಕೆ ತೂಗಹಾಕಿರಿ. ಬುದ್ಧಿ ಹೇಳುವ ನಾವು ಏನು ಮಾಡಿದ್ದೆವು? ಸಭೆಯ ಸ್ನಾನದೀಕ್ಷೆಯ ಪುಸ್ತಕವನ್ನು ನೆಲದ ಮೇಲಿನ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ನೀರು ಇಳಿದ ಮೇಲೆ ತೆರೆದರೆ ಮೂರು ತಲೆಯ ಹೆಸರುಗಳು ಒಂದೇ ನೀಲಿ ಮುದ್ದೆಯಾಗಿದ್ದವು. ಈಗಲೂ ಯಾರಾದರೂ ದಾಖಲೆ ಕೇಳಿ ಬಂದಾಗ ಮುದುಕರನ್ನು ಕೂಡಿಸಿ ಬಾಯಿಮಾತಿನಿಂದ ಬರೆದುಕೊಡುತ್ತೇವೆ.

ಈ ತಿಂಗಳು ಅದೇ ಊರಿಗೆ ತಿರುಗಿ ಹೋಗಿ ಇದನ್ನೆಲ್ಲಾ ಓದಿ ಹೇಳಿದೆವು. ಮೂರು ಕೆಲಸಗಳು ಗೊತ್ತಾದವು. 2009ರ ಮತ್ತು 2019ರ ನೀರಿನ ಎತ್ತರವನ್ನು ಶಾಲೆಯ ಗೋಡೆಯ ಮೇಲೆ ಕೆಂಪು ಬಣ್ಣದಿಂದ ಗುರುತು ಮಾಡಿದ್ದಾಯಿತು. ಹುಡುಗರು ಅದರ ಪಕ್ಕದಲ್ಲಿ ನಿಂತು ತಮ್ಮ ಎತ್ತರವನ್ನು ನೋಡಿಕೊಂಡರು. ಕೇರಿಯ ಇಬ್ಬರ ಹೆಸರನ್ನು, ಅವರಲ್ಲಿ ಒಬ್ಬಳು ಆ ಆಕಳಿನ ತಾಯಿಯೇ, ಪಂಚಾಯತಿಗೆ ಬರೆದುಕೊಟ್ಟಿದ್ದಾಗಿದೆ. ಮೂರನೆಯದು ಹೊಳೆಯೊಳಗಿನ ಕಂಟಿಯನ್ನು ಕಡಿದು, ಕಬ್ಬನ್ನು ಹಿಂದಕ್ಕೆ ತಕ್ಕೊಳ್ಳುವದು. ಕಂಟಿ ಕಡಿಯಲು ಎಲ್ಲರೂ ಒಪ್ಪಿದರು. ಕಬ್ಬಿನವರು ಮೂವರು, ಒಬ್ಬನು ಒಪ್ಪಿದನು, ಒಬ್ಬನು ಸಾಲ ತೀರಲಿ ಅಂದನು. ಮೂರನೆಯವನು ನಮ್ಮ ಸಭೆಯ ಹಿರಿಯನು. ಅವನು ತಲೆಬಾಗಿಸಿ ಬಹಳ ಹೊತ್ತು ಕೂತಿದ್ದು, ಈ ಸಾರಿಯ ಕಬ್ಬು ಕಾರಖಾನೆಗೆ ಹೋದ ಮೇಲೆ ಬಂದು ಕೇಳಿರೆಂದನು. ಕಟಾವು ಮುಗಿದ ವಾರದಲ್ಲಿ ನಾವು ಹೋಗತಕ್ಕವರಿದ್ದೇವೆ.